ಒರೆಸದೆ ಬಿಟ್ಟ ಮೆಮೊರಿ

ಚೆಕ್ ದೇಶದ ಬ್ರನೋ ನಗರದ ನಮ್ಮ ಕಚೇರಿಯಲ್ಲಿ ಆಸ್ಪತ್ರೆ ಯಂತ್ರಗಳನ್ನು ನಡೆಸುವ ಡ್ರೈವರ್ ಕೋಡ್ ಬರೆಯುವವರೆಲ್ಲ ಅದನ್ನು ಪರಿಶೀಲಿಸುವ ಬೋಹ್ದಾನಾ ಅವರ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕೈಯಲ್ಲಿನ ರೋಹ್ಲಿಕ್ ಬ್ರೆಡ್ಡು ಒಣಗಿದರೂ ಅವರ ಕಣ್ಣು ಕೋಡಿನಿಂದ ಕದಲುವುದಿಲ್ಲ. ಕೋಡ್ ಎಲ್ಲೇ ಯಂತ್ರದ ಮೆಮೊರಿಯಲ್ಲಿ ಜಾಗ ಕೇಳಲಿ, ಅವರ ಪ್ರಶ್ನೆ ಒಂದೇ: "ಹಿಂದಿನವರು ಬಿಟ್ಟುಹೋದದ್ದನ್ನ ಒರೆಸಿದ್ದೀಯೇನಪ್ಪಾ?" ಮೊನ್ನೆ ಕೋಡ್ ತೋರಿಸಲು ಬಂದ ರಾದೊವಾನ್ ಸಿಡುಕಿದ: "ಒರೆಸೋಕೆ ಅಂತ ಜಾಗಕ್ಕೆಲ್ಲ ಸೊನ್ನೆ ತುಂಬ್ತಾ ಕೂತ್ರೆ ಯಂತ್ರ ನಿಧಾನ ಆಗತ್ತೆ. ಹೇಗೂ ಅದರ ಮೇಲೆ ಹೊಸದು ಬರೀತೀವಲ್ಲ." "ಬರೆಯೋಕ್ಕೆ ಮುಂಚೆ ಯಂತ್ರ ಹಳೇದನ್ನೇ ಓದಿಬಿಟ್ರೆ?" ಎಂದರು ಬೋಹ್ದಾನಾ. ಅವನು ನಕ್ಕ. ಅವರು ನಗಲಿಲ್ಲ. "ನಮ್ಮಣ್ಣನ ಹಾಸಿಗೆ ಪಕ್ಕದ ಪರದೆಯಲ್ಲಿ ನಾಡಿ ಚೆನ್ನಾಗೇ ಓಡ್ತಿತ್ತು. ಅದು ಅವನಿಗಿಂತ ಮುಂಚೆ ಅಲ್ಲಿ ಮಲಗಿದ್ದವರದು. ನನ್ನ ಕೈಯಲ್ಲಿದ್ದ ಅವನ ಕೈ ತಣ್ಣಗಾಗ್ತಿತ್ತು. ನಾನು ಪರದೆ ನಂಬಿದೆ." ರಾದೊವಾನ್ ಕುರ್ಚಿ ಎಳೆದುಕೊಂಡು ತನ್ನ ಕೋಡನ್ನು ಮೊದಲ ಸಾಲಿನಿಂದ ಓದತೊಡಗಿದ.