ಬೆರಳಿಗೆ ಸೋನೋಗ್ರಾಫಿ ಮಾಡಿಸಿದ ಸುವರ್ಣಾ

ಸುವರ್ಣಾ ನಮ್ಮ ಬಾಜೂ ಮನೆಯವಳು, ನನಗೆ ಕಾಕು, ಅಂದರೆ ಚಿಕ್ಕಮ್ಮ, ಅನ್ನುವಳು. ನಮ್ಮ ಕುಂಭಾರಿ ಊರೊಳಗೆ ಸಾಯಬಣ್ಣನ ತಮ್ಮನ ಹೆಂಡತಿ ಅಂದರೆ ಅವಳೇ. ಗಂಡ ಹಾವು ಕಡಿದು ಸತ್ತ, ಮಕ್ಕಳಿರಲಿಲ್ಲ. ಹೊಲ ಇನ್ನೂ ಕೂಡೇ ಇತ್ತು, ಒಲಿಯೂ ಒಂದೇ. ಸಾಯಬಣ್ಣನ ಹೆಂಡತಿ ಪಾರ್ವತಿಬಾಯಿ ಪಲ್ಯ, ಸಾರು ನೋಡುವಳು. ರೊಟ್ಟಿ ಬಡಿಯುವುದು ಸುವರ್ಣಾನ ಕೆಲಸ. ಒಕ್ಕಲುತನದ ಮನೆಯಲ್ಲಿ ಗಂಡ ಇಲ್ಲದ ಹೆಣ್ಣಿಗೆ ಒಲಿ ಮುಂದಿನ ಜಾಗ ಸಣ್ಣ ಮಾತಲ್ಲ. ಅದು ಇರುವ ತನಕ ಅವಳು ಮನಿಯಾಕಿ. ಅದು ಹೋದರೆ ಮನಿಯೊಳಗಿದ್ದೂ ಹೊರಗಿನಾಕಿ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಮ್ಮೆ ಎರಡಿದ್ದವು. ಮೊಸರಿನ ಗಡಿಗೆ ತಲೆಯ ಮೇಲೆ ಹೊತ್ತು ಮುಂಜಾನೆಯ ಬಸ್ಸಿಗೆ ಸೋಲಾಪುರಕ್ಕೆ ಹೋಗುವಳು. ನವಿ ಪೇಠದ ಹಿಂದಿನ ಓಣಿಯಲ್ಲಿ ನಾಕಾರು ಮನೆ ಅವಳ ಕಾಯಂ ಗಿರಾಕಿ. ಅದರೊಳಗೆ ಒಂದು ಜಾನಕೀಬಾಯಿಯವರ ಮನೆ. ಆ ತಾಯಿಗೆ ಸಂಧಿವಾತ. ಬೆರಳೆಲ್ಲ ಸೊಟ್ಟಾಗಿ ಮೊಸರಿನ ಬಟ್ಟಲು ಹಿಡಿಯಲಿಕ್ಕೂ ಆಗುತ್ತಿರಲಿಲ್ಲ. ಮಗಳು ಅನುಜಾ ತಾಯಿಗೆ ಆಯಿ ಅನ್ನುವಳು; ಡಾಕ್ಟರಕಿ ಮುಗಿಸಿ ಅದಕ್ಕಿಂತ ದೊಡ್ಡ ಪರೀಕ್ಷೆಗೆ ಓದುತ್ತಿದ್ದಳು.

ತೊಂಬತ್ತೆಂಟನೆಯ ಇಸವಿಯ ಶ್ರಾವಣ ಇರಬೇಕು. ಒಂದು ದಿನ ಸುವರ್ಣಾ ಮೊಸರು ಹಾಕುವಾಗ ಅನುಜಾ ಅವಳ ಕೈಯನ್ನೇ ನೋಡುತ್ತ ನಿಂತಳಂತೆ.

"ಮಾವಶಿ, ನಿಮ್ಮ ಬೆರಳು ಯಾವಾಗರ ನೋಯ್ತಾವೇನು?"

"ಕೆಲಸ ಇದ್ದರ ನೋಯಂಗಿಲ್ಲ ತಾಯಿ, ಸುಮ್ಮ ಕುಂತರ ನೋಯ್ತಾವೇನೋ. ಕುಂದರಾಕ ಯಾರು ಬಿಟ್ಟಾರ?"

"ಹಂಗಾದರ ನನಗ ನಿಮ್ಮ ಕೈನೇ ಬೇಕು. ಬ್ಯಾನಿ ಬಂದವರ ಬೆರಳು ದವಾಖಾನ್ಯಾಗ ರಗಡ ಸಿಗ್ತಾವ. ಏನೂ ಆಗದವರು ಯಾಕ ಬರ್ತಾರ ಅಲ್ಲಿ? ಛಲೋ ಇದ್ದವರ ಕೀಲಿನಾಗ ಮೆತ್ತನ ಎಲುಬು ಎಷ್ಟು ದಪ್ಪ ಇರ್ತದ ಅಂತ ಮೊದಲ ಅಳೀಬೇಕು. ಅದು ತಿಳೀಲಾರದ ನಮ್ಮ ಆಯೀದು ಎಷ್ಟು ಸವದದ ಅಂತ ಹ್ಯಾಂಗ ಹೇಳ್ಲಿ?"

ಒಳಗಿನಿಂದ ಜಾನಕೀಬಾಯಿ ಅಂದರಂತೆ, "ಹೋಗವ್ವಾ, ಸೂಜಿ ಇಲ್ಲ, ಚಾಕು ಇಲ್ಲ. ವರ ನೋಡೋ ವಯಸ್ಸಿನಾಗ ಇಕಿ ಮಂದಿ ಬೆರಳು ನೋಡ್ಕೋತ ಕುಂತಾಳ."

ಸುವರ್ಣಾ ನಕ್ಕು ಒಪ್ಪಿದಳು. ಆ ತಾಯಿಯ ಬೆರಳು ನೋಡಿ ನೋಡಿ ಅವಳಿಗೂ ಮರುಕ ಇತ್ತು.

ಯಂತ್ರ ಇದ್ದದ್ದು ಪೇಠದ ಆಚೆಗಿನ ಒಂದು ಸೋನೋಗ್ರಾಫಿ ಕೇಂದ್ರದಲ್ಲಿ. ಅಲ್ಲಿನ ಡಾಕ್ಟರು ಊಟಕ್ಕೆ ಹೋದಾಗ ಅನುಜಾಗೆ ಒಂದಿಷ್ಟು ಹೊತ್ತು ಬಿಟ್ಟುಕೊಡುತ್ತಿದ್ದರು. ಹೊರಗೆ ಬಾಕಿನ ಮೇಲೆ ಬಸರಿ ಹೆಂಗಸರು ನೀರು ಕುಡಿದು ಕುಡಿದು, ಹೊಟ್ಟೆ ಹಿಡಿದುಕೊಂಡು ಪಾಳಿ ಕಾಯುತ್ತಿದ್ದರು. "ನಾನೂ ನೀರು ಕುಡೀಬೇಕೇನು ತಾಯಿ?" ಅಂತ ಇವಳು ಚೇಷ್ಟೆ ಮಾಡಿದಳು.

ಒಳಗೆ ನಡೆದದ್ದನ್ನು ಅವಳು ನನ್ನ ಮುಂದೆ ಎಷ್ಟೋ ಸಲ ಹೇಳಿದ್ದಾಳೆ. ಕತ್ತಲ ಖೋಲಿ. ಬೆರಳಿನ ಗೆಣ್ಣಿಗೆ ತಣ್ಣಗಿನ ಅಂಟು ಹಚ್ಚಿದರು. ಬೆರಳು ಮಡಚಿಸಿ, ಅದರ ಮೇಲೆ ಒಂದು ಗುಂಡು ಹಿಡಿಕೆ ಇಟ್ಟರು. ಟೀವಿಯಂಥದರಲ್ಲಿ ಎರಡು ಬಿಳಿ ಗೆರೆ ಕಂಡವು, ನಡುವೆ ಒಂದು ಕರೀ ಎಳೆ.

"ಆ ಕರೀ ಎಳೀನೇ ನೋಡ್ರಿ ಮಾವಶಿ, ಮೆತ್ತನ ಎಲುಬು. ಎಷ್ಟು ಚಂದ ದಪ್ಪ ಅದ. ಆಯೀದು ಇದರ ಅರ್ಧಾನೂ ಉಳಿದಿಲ್ಲ."

ಒಂದೊಂದಾಗಿ ಎಲ್ಲ ಬೆರಳೂ ಅಳೆದರು. ಆಮೇಲೆ ಅನುಜಾ ಹತ್ತಿಯಿಂದ ಅಂಟು ಒರೆಸಿ, "ಆತು ನೋಡ್ರಿ. ನಿಮಗ ಏನೂ ಇಲ್ಲ. ಔಷಧಾನೂ ಇಲ್ಲ, ಗುಳಗೀನೂ ಇಲ್ಲ" ಅಂದಳು.

ಹೊರಗೆ ಬಂದರೆ ಬಾಕಿನ ಮೇಲೆ ನಮ್ಮೂರಿನ ಸಾತಲಿಂಗಪ್ಪ ಕೂತಿದ್ದ. ಸೊಸೆಯನ್ನು ಕರೆದುಕೊಂಡು ಬಂದಿದ್ದ. ಕುಂಕುಮವಿಲ್ಲದ ಹಣೆಯವಳು ಆ ಬಾಗಿಲಿನಿಂದ ಹೊರಗೆ ಬಂದದ್ದು ನೋಡಿ ಅವನು ಎದ್ದೇ ನಿಂತ.

"ಏನವ್ವಾ ಸುವರ್ಣಾ, ನೀ ಇಲ್ಲಿ?"

"ಬೆರಳು ತೋರಿಸಾಕ ಬಂದಿದ್ದೆ ಕಾಕಾ" ಅಂತ ಇವಳು ನಗುತ್ತಲೇ ಕೈ ಎತ್ತಿ ತೋರಿಸಿದಳು. ನಗಬಾರದಿತ್ತು. ಖರೆ ಮಾತನ್ನು ಹಾಗೆ ನಗುತ್ತ ಹೇಳಿದರೆ ಯಾರು ನಂಬುತ್ತಾರೆ?

ಸಾತಲಿಂಗಪ್ಪ ಕೆಟ್ಟವನಲ್ಲ. ಮನೆಗೆ ಬಂದು ಹೆಂಡತಿ ಸೋಮವ್ವನ ಮುಂದೆ, "ಆ ಹುಡುಗಿ ಅಲ್ಲಿಗೆ ಯಾಕ ಬಂದಿದ್ದಳು?" ಅಂತ ಕೇಳಿದ, ಅಷ್ಟೇ. ನಮ್ಮ ಕಡೆ ಆವಾಗ ಸೋನೋಗ್ರಾಫಿ ಅಂದರೆ ಹೊಟ್ಟೆ ನೋಡುವುದು. ಮತ್ತೊಂದಕ್ಕೂ ಅದು ಇರುತ್ತದೆ ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾತು ಸೋಮವ್ವನ ಕಟ್ಟೆಯಿಂದ ಬಾವಿಗೆ ಹೋಯಿತು. ಬಾವಿಯಿಂದ ಪಾರ್ವತಿಬಾಯಿಯ ಕಿವಿಗೆ ಬಂತು.

ಮರುದಿನ ಗೋಡೆಯ ಆಚೆ ಮಾತು ಕೇಳಿಸಿತು.

"ಸರಿ ಅತ್ತಾಗ. ರೊಟ್ಟಿ ನಾ ಬಡೀತೀನಿ."

"ಯಾಕಕ್ಕಾ? ನಾ ಏನು ಮಾಡೀನಿ?"

"ಏನು ಮಾಡೀದಿ ನಿನಗ ಗೊತ್ತು. ಸೋನೋಗ್ರಾಫಿ ಮಾಡ್ಸಿ ಬಂದೀದಿ."

"ಬೆರಳಿಗೆ, ಅಕ್ಕಾ."

"ಬೆರಳಿನಾಗ ಕೂಸು ನಿಂದರತದೇನು? ಖರೇ ಇದ್ದರ ಚೀಟಿ ತೋರ್ಸು. ಗುಳಗಿ ತೋರ್ಸು."

"ಬ್ಯಾನಿ ಇದ್ದಿದ್ದರ ಚೀಟಿ ಕೊಡ್ತಿದ್ದರು. ನನಗೇನೂ ಇಲ್ಲ ಅಂತ ಏನೂ ಕೊಟ್ಟಿಲ್ಲ."

"ಏನೂ ಇಲ್ಲದಾಕಿ ದವಾಖಾನಿಗೆ ಯಾಕ ಹೋದಿ?"

ಜಡ್ಡಿಲ್ಲದವರು ದವಾಖಾನೆಗೆ ಹೋಗುತ್ತಾರೆ ಅಂತ ನಮ್ಮ ಓಣಿಯಲ್ಲಿ ಹೇಳಿ ನಂಬಿಸುವುದು ಯಾರ ಕೈಲಿ ಆಗುತ್ತದೆ?

ಎರಡು ದಿನ ಮೊಸರು ಬರಲಿಲ್ಲ ಅಂತ ವಿಚಾರಿಸಿಕೊಂಡು ಅನುಜಾ ತಾನೇ ಬಸ್ಸು ಹತ್ತಿ ಬಂದಳು. ಸಾಯಬಣ್ಣ ಕಂಬಳಿ ಹಾಸಿದ, ಚಹಾ ಮಾಡಿಸಿದ. ಆ ಹುಡುಗಿ ಪಾರ್ವತಿಬಾಯಿಯ ಬೆರಳು ಹಿಡಿದು, ಇಲ್ಲಿ ಕೀಲು, ಇದರೊಳಗೆ ಮೆತ್ತನೆಯ ಎಲುಬು, ಇದನ್ನೇ ಅಳೆದದ್ದು ಅಂತ ತಿಳಿಸಿ ಹೇಳಿದಳು. ಅರ್ಧ ಕನ್ನಡ, ಅರ್ಧ ಮರಾಠಿ. ಸಾಯಬಣ್ಣ ಒಂದೊಂದು ಮಾತಿಗೂ "ಹೌದ್ರಿ, ಹೌದ್ರಿ" ಅಂದ. ಬಸ್ ಸ್ಟ್ಯಾಂಡಿನ ತನಕ ಹೋಗಿ ಕಳಿಸಿ ಬಂದ. ಬಂದವನೇ ಅಂಗಳದಲ್ಲಿ ನಿಂತು ಹೆಂಡತಿಗೆ, "ಬರೇ ಬೆರಳಿಂದ ಇದ್ದಿದ್ದರ ಅಷ್ಟು ಕಲಿತ ಡಾಕ್ಟರ ಇಲ್ಲೀತನಕ ಓಡಿ ಬರ್ತಿದ್ದಳೇನು?" ಅಂದ. ಪೇಟೆಯ ಮೊಸರು ಅವತ್ತಿಗೇ ಕಾಯಂ ನಿಂತಿತು.

ಸುವರ್ಣಾ ಅಳಲಿಲ್ಲ. ನನ್ನ ಬಳಿ ಬಂದು ಕೂತು, "ಎಳ್ಳಮಾಸಿ ತನಕ ತಡೀತೀನಿ ಕಾಕು. ಅಷ್ಟರಾಗ ಹೊಟ್ಟೀನೇ ಎಲ್ಲರಿಗೂ ಹೇಳ್ತದ" ಅಂದಳು. ನನಗೂ ಅದು ಸರಿ ಅನಿಸಿತು. ಅವತ್ತಿನಿಂದ ಸೆರಗು ಬಿಗಿದು ಸೊಂಟಕ್ಕೆ ಸಿಗಿಸಿಕೊಂಡು ಓಣಿಯ ನಟ್ಟನಡುವೆ ನಡೆಯುತ್ತಿದ್ದಳು. ನೀರಿನ ಕೊಡ ಸೊಂಟಕ್ಕಿಡದೆ ತಲೆಯ ಮೇಲೆ ಹೊರುವಳು. ನೋಡುವವರು ನೋಡಲಿ ಅಂತ.

ದಸರೆ ಹೋಯಿತು, ದೀಪಾವಳಿ ಹೋಯಿತು. ಒಲಿಯ ಹತ್ತಿರ ಅವಳನ್ನು ಬಿಡಲಿಲ್ಲ. ಹೊರಗೆ ಕೂತು ಹಾಕಿದ್ದು ಉಣ್ಣುವಳು.

ಎಳ್ಳ ಅಮಾಸಿಯ ದಿನ ನಮ್ಮಲ್ಲಿ ಮನೆ ಮಂದಿಯೆಲ್ಲ ಹೊಲಕ್ಕೆ ಹೋಗಿ, ಜೋಳದ ಪೈರಿಗೆ ಎಡೆಯ ಚರಗ ಚೆಲ್ಲಿ, ಅಲ್ಲೇ ಕೂಡಿ ಊಟ ಮಾಡುವ ರೂಢಿ. ಸಾಯಬಣ್ಣನ ಬಂಡಿಯಲ್ಲಿ ನಾನೂ ಹೋಗಿದ್ದೆ. ಸೋಮವ್ವನೂ ಬಂದಿದ್ದಳು. ಸುವರ್ಣಾ ಬಂಡಿಯ ಹಿಂದೆ ನಡೆದುಕೊಂಡು ಬಂದಳು. ಹೊಲದಲ್ಲಿ ಗಾಳಿಗೆ ಸೀರೆ ಮೈಗಂಟಿದಾಗ ಅವಳ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಆ ನಾಕು ತಿಂಗಳಲ್ಲಿ ಅವಳು ಅರ್ಧ ಇಳಿದಿದ್ದಳು. ಹೆಂಗಸರೆಲ್ಲ ನೋಡಿದರು. ಅವರು ನೋಡಿದ್ದನ್ನು ಅವಳೂ ನೋಡಿದಳು. ಅವಳ ಮುಖದ ಮೇಲೆ ಸ್ವಲ್ಪ ಕಳೆ ಬಂತು. ತಾನೇ ಎದ್ದು ಸಜ್ಜಿ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಪಂಕ್ತಿಯ ಕಡೆ ಬಂದಳು.

ಸೋಮವ್ವ ಪಾರ್ವತಿಬಾಯಿಯ ಕಡೆ ಬಾಗಿ, "ನೋಡು, ತಗಿಸ್ಯಾಳ. ಅದಕ್ಕ ಆ ಡಾಕ್ಟರ ಹುಡುಗಿ ಬಂದಿದ್ದಳು" ಅಂದಳು. ಸಣ್ಣ ದನಿಯಲ್ಲೇ ಅಂದಳು, ಆದರೆ ಎಲ್ಲರಿಗೂ ಕೇಳಿಸಿತು.

ಸುವರ್ಣಾ ಬುಟ್ಟಿ ಕೆಳಗಿಟ್ಟಳು.

"ಹೊಟ್ಟಿ ಬಂದಿದ್ದರ ಬಂತು ಅಂತಿದ್ದಿರಿ. ಬರಲಿಲ್ಲ, ಈಗ ಹೋತು ಅಂತೀರಿ. ಇನ್ನ ನಾ ಯಾವುದು ತೋರಿಸ್ಲಿ?"

ಸಾಯಬಣ್ಣ ಎದ್ದು ಎತ್ತಿಗೆ ಮೇವು ಹಾಕಲು ಹೋದ. ಪಾರ್ವತಿಬಾಯಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು, ಅವಳ ಕೈ ಸೋಕಿದವು ಅಂತ ಮೇಲಿನ ಒಂದೆರಡು ರೊಟ್ಟಿ ತೆಗೆದು ಎತ್ತಿನ ಕಡೆ ಇಟ್ಟು, ಉಳಿದದ್ದನ್ನು ಬಡಿಸಿದಳು.

ಸಂಕ್ರಾಂತಿಗೆ ಮೊದಲೇ ದನದ ಕೊಟ್ಟಿಗೆಯ ಬಾಜೂ ಮೂರು ಕಲ್ಲು ಹೂಡಿ ಅವಳಿಗೆ ಬೇರೆ ಒಲಿ ಮಾಡಿಕೊಟ್ಟರು. ಬೈಗುಳ ಇಲ್ಲ, ಹೊಡೆತ ಇಲ್ಲ. ಜೋಳ ಅಳೆದು ಕೊಡುವರು.

ಸುದ್ದಿ ತಿಳಿದು ಅವಳ ತಮ್ಮ ಸಿದ್ಧರಾಮ ಅಕ್ಕಲಕೋಟದ ಕಡೆಯಿಂದ ಬಂದ. ಅವಳ ತವರು ಅಲ್ಲೇ. ಕೊಟ್ಟಿಗೆ ನೋಡಿ ಅವನು ಚಪ್ಪಲಿ ಬಿಡದೆ ನಿಂತ. ನಾನು ಕೊಟ್ಟಿಗೆಯ ಬಾಗಿಲಲ್ಲೇ ಕೂತಿದ್ದೆ.

"ನಡಿ ಅಕ್ಕಾ. ಗಂಟು ಕಟ್ಟು. ನಮ್ಮ ಮನ್ಯಾಗ ಒಂದು ರೊಟ್ಟಿ ನಿನಗ ಹೆಚ್ಚಾಗಂಗಿಲ್ಲ."

"ನಾ ಹ್ವಾದರ ಇವರು ಅಂದದ್ದು ಖರೇ ಆಗ್ತದಪ್ಪಾ. ಇಲ್ಲೇ ಇರ್ತೀನಿ. ಇವರ ಕಣ್ಣ ಮುಂದ."

ಅವನು ಮತ್ತೆ ಒತ್ತಾಯ ಮಾಡಲಿಲ್ಲ. ಕೈಕಾಲು ತೊಳೆದು ಒಲಿಯ ಮುಂದೆ ಕೂತ. ಅವಳು ರೊಟ್ಟಿ ಹಾಕಿದಳು. ಅವನು ಮುರಿದ, ಬಾಯಿಗೆ ಇಡಲಿಲ್ಲ. ತಲೆ ತಗ್ಗಿಸಿ ಕೇಳಿದ.

"ಅಕ್ಕಾ, ನಾ ಹೊರಗಿನವ ಅಲ್ಲ. ನನ್ನ ಮುಂದರ ಹೇಳು. ಬರೇ ಬೆರಳೇನು?"

ಸುವರ್ಣಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅದು ಉಬ್ಬುವ ತನಕ ನೋಡಿದಳು. ತೆಗೆದು ಅವನ ತಾಟಿಗೆ ಹಾಕಿದಳು.

"ಉಣ್ಣು. ಬಸ್ಸು ತಪ್ತದ."