ಮಳೆಗಾಲದ ಜೋಳದ ಡಬ್ಬಿ

"ಇಷ್ಟು ವರ್ಷದಾಗ ಒಂದ್ ಹನಿ ಮಳಿನೀರು ಒಳಗ ಬಂದಿಲ್ರೀ," ಎಂದರು, ಮುಂಬಯಿಯ ಮುಲುಂಡಿನ ತಮ್ಮ ನೆಲಮಹಡಿಯ ಮನೆ ಮಾರಲು ಹೊರಟಿದ್ದ ವಿಜಾಪುರದ ಹಿರಿಯರು. ಪ್ರತಿ ಮಳೆಗಾಲ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆಂದು ಮೂಲೆಯ ಕಿರಾಣಿ ಅಂಗಡಿಯವನು ಆಗಷ್ಟೇ ಹೇಳಿದ್ದ. ಹೆಂಡತಿಯೊಂದಿಗೆ ಮನೆ ನೋಡಲು ಬಂದಿದ್ದ ನಾನು ಯಾರನ್ನು ನಂಬುವುದೆಂದು ತಿಳಿಯದೆ ಗೋಡೆ ಮುಟ್ಟಿ ನೋಡಿದೆ. ಹೊಸದಾಗಿ ಸುಣ್ಣ ಬಳಿದಿದ್ದರು. ಎಪ್ಪತ್ತರ ದಶಕದ ಮಾತಿದು.

ನನ್ನ ಹೆಂಡತಿ ನೀರಿನ ವಿಷಯ ಎತ್ತಲೇ ಇಲ್ಲ. ಅಡುಗೆಮನೆಯಲ್ಲಿ ಹಿರಿಯರ ಹೆಂಡತಿಯನ್ನು, "ಅಕ್ಕಾರ, ಜ್ವಾಳದ ಡಬ್ಬಿ ಎಲ್ಲಿಡ್ತೀರಿ?" ಎಂದು ಕೇಳಿದಳು.

"ಬ್ಯಾಸಗ್ಯಾಗ ಇಲ್ಲೇ ಕೆಳಗ. ಮಳಿ ಹತ್ತೂ ಮೊದಲ ಮ್ಯಾಲಿನ ಮನ್ಯಾಗ ಇಟ್ಟ ಬರ್ತೀವ್ರೀ."

ಅಂದ ಮೇಲೆ, ತಮ್ಮ ಬಾಯಿಂದಲೇ ನಿಜ ಹೊರಬಿತ್ತೆಂದು ಹಿರಿಯರ ಹೆಂಡತಿಗೆ ಅರಿವಾಯಿತು. ಗಂಡನ ಕಡೆ ನೋಡಿದರು. ಅವರು ಚಹಾದ ಕಪ್ಪು ಕೆಳಗಿಟ್ಟರು. ಮನೆ ಬೇಡವೆಂದು ನಾವು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆ ಮನೆಗೆ ಗಿರಾಕಿ ಸಿಗಲಿಲ್ಲ. ಮರುವರ್ಷ ಮೇಲಿನ ಮನೆಯೇ ಮಾರಾಟಕ್ಕೆ ಬಂದಾಗ ನಾವು ಕೊಂಡೆವು. ಮೇ ಕೊನೆಗೆ ಒಂದು ಬೆಳಿಗ್ಗೆ ಆ ಹಿರಿಯರು ಡಬ್ಬಿ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದರು, ತಲೆ ಎತ್ತಲಿಲ್ಲ. ನನ್ನ ಹೆಂಡತಿ ನಮ್ಮ ಡಬ್ಬಿಯ ಪಕ್ಕದಲ್ಲಿ ಆಗಲೇ ಜಾಗ ಮಾಡಿಟ್ಟಿದ್ದಳು.