ಅಂಚು ಕತ್ತರಿಸಿದ ಚಿತ್ರ

ವಲ್ಲಿ ಮಾಮ ನಗುನಗುತ್ತಲೇ ಹೋದರು ಎಂದು ನಮ್ಮವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊನ್ನೆ ಕೊಲ್ಲಿ ನಾಡಿನ ರಾಸ್ ಅಲ್ ಖೋರ್‌ನ ವರ್ಕ್‌ಶಾಪೊಂದರ ಮುಂದೆ ಕಾರಿನಿಂದಿಳಿದಾಗ ಮರದ ಪುಡಿಯ, ಹಸಿ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಕೆಡವಿಹಾಕಿದ ನಮ್ಮ ಮಿರ್ದಿಫ್ ವಿಲ್ಲಾ ಇಡಿಯಾಗಿ ಕಣ್ಣ ಮುಂದೆ ಎದ್ದು ನಿಂತಿತು. ಪಪ್ಪ ಚಿತ್ರಗಳಿಗೆ ಫ್ರೇಮ್ ಹಾಕುತ್ತಿದ್ದರು, ಅವರ ಅಂಗಿಯಲ್ಲಿ ಸದಾ ಅದೇ ವಾಸನೆ. ಮಮ್ಮಿಯ ತಮ್ಮ ವಲ್ಲಿ ಮಾಮ ಹೋಟೆಲೊಂದರಲ್ಲಿ ಮಕ್ಕಳನ್ನು ನಗಿಸುವ ವಿದೂಷಕ. ಊರಿಗೆ ಮರಳುತ್ತಿದ್ದ ಫ್ರೆಂಚ್ ಬಾಣಸಿಗನೊಬ್ಬ ಅವರಿಗೆ ಹಳೆಯ ವ್ಯಂಗ್ಯಚಿತ್ರವೊಂದನ್ನು ಕೊಟ್ಟ, ಅದರ ಕೆಳಗೆ ಫ್ರೆಂಚಿನಲ್ಲಿದ್ದ ಎರಡು ಸಾಲಿನ ಅರ್ಥವನ್ನೂ ಹೇಳಿದ. ಚಿತ್ರದಲ್ಲಿ ಬೀದಿ ಆಟದವರು: ಬಡಕಲು ಕಾಲಿನವನೊಬ್ಬ ಬಾಯಿ ಅಗಲಿಸಿ ಡೋಲು ಬಡಿಯುತ್ತಿದ್ದಾನೆ, ಜನ ಬೆನ್ನು ತಿರುಗಿಸಿ ಹೋಗುತ್ತಿದ್ದಾರೆ. ಯಾರೋ ಬೇಡವೆಂದು ಬಿಟ್ಟುಹೋದ ಫ್ರೇಮಿಗೆ ಕೂರಿಸಲು ಪಪ್ಪ ಆ ಸಾಲುಗಳಿದ್ದ ಅಂಚನ್ನೇ ಕತ್ತರಿಸಿ ಎಸೆದರು.

"ಬರೆದದ್ದು ಎಲ್ಲಿ ಭಾವ?"

"ಫ್ರೇಮಿಗೆ ಹಿಡೀಲಿಲ್ಲ ಮಾರಾಯ. ಇಲ್ಲಿ ಫ್ರೆಂಚ್ ಓದುವವರು ಯಾರುಂಟು? ಖಲಾಸ್. ನೋಡು, ನಿನ್ನ ಹಾಗೇ ನಗ್ತಾ ಇದ್ದಾನೆ."

"ನಗುವುದಾ ಅದು?" ಎಂದರು ಮಾಮ. ನಾವೆಲ್ಲ ನಕ್ಕೆವು.

ಆಮೇಲಿನ ಶುಕ್ರವಾರಗಳು ಈಗ ಬೇರೆಯಾಗಿಯೇ ಕಾಣುತ್ತವೆ. ಕೆಲಸ ಮುಗಿಸಿ ಬರುತ್ತಿದ್ದ ಮಾಮನ ಕಿವಿಯ ಹಿಂದೆ ಬಿಳಿ ಬಣ್ಣ ಉಳಿದಿರುತ್ತಿತ್ತು. ಒಂದು ಕೈ ಪಕ್ಕೆಯ ಮೇಲೆ, ಇನ್ನೊಂದರಲ್ಲಿ ನೀರಿನ ಲೋಟ. ಚಿತ್ರದ ಕೆಳಗೇ ಕೂರುತ್ತಿದ್ದರು. "ಯಲ್ಲಾ, ಬನ್ನಿ ಮಾಮ, ಒನ್ ಶೋ!" ಎಂದು ನಾನು ಅಂಗಿ ಜಗ್ಗುತ್ತಿದ್ದೆ. "ಹೋಟೆಲಲ್ಲಿ ಮಾಡ್ತೀಯಲ್ಲ, ಮನೆಯಲ್ಲೆಂತ ಬಿಗುಮಾನ?" ಎಂದು ಪಪ್ಪ ಕೆಣಕುತ್ತಿದ್ದರು. ಮಾಮ ಏಳುತ್ತಿದ್ದರು. ಅಂಥದೊಂದು ಸಂಜೆ ಕುರ್ಚಿ ಹತ್ತಿ, ಮಮ್ಮಿಯ ಅಲ್ಯುಮಿನಿಯಂ ಪಾತ್ರೆ ಬಡಿಯುತ್ತ, ಚಿತ್ರದವನಂತೆಯೇ ಬಾಯಿ ಅಗಲಿಸಿ ಕುಸಿದುಬಿದ್ದರು. ಮೊದಲು ಚಪ್ಪಾಳೆ ತಟ್ಟಿದವಳು ನಾನು, ಅದನ್ನು ಅಲ್ಲಗಳೆಯುವುದಿಲ್ಲ. "ಒಂದು ಕ್ಷಣ ಅಷ್ಟೇ, ಆಟ ಅಂದುಕೊಂಡೆವು," ಎನ್ನುತ್ತಾರೆ ಪಪ್ಪ. ನನ್ನ ನೆನಪಿನಲ್ಲಿ ಅದು ಬಸಿಯಲ್ಲಿನ ಚಹಾ ಆರುವಷ್ಟು ಹೊತ್ತು. ಮಾಮ ಆಸ್ಪತ್ರೆಯಿಂದ ಮರಳಲಿಲ್ಲ.

ಚಿತ್ರ ಈಗ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಪಪ್ಪನ ಫ್ಲ್ಯಾಟಿನಲ್ಲಿ, ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಆ ಎರಡು ಸಾಲಲ್ಲಿ ಏನಿತ್ತೆಂದು ಇಂದಿಗೂ ನಮಗೆ ಯಾರಿಗೂ ಗೊತ್ತಿಲ್ಲ. ಮೊನ್ನೆ ಆ ವರ್ಕ್‌ಶಾಪಿನಿಂದ ನೇರ ಅಲ್ಲಿಗೆ ಹೋಗಿ, ಚಿತ್ರವನ್ನು ಹೊರಗೆಳೆದು, ಧೂಳು ಒರೆಸಿ, ಪಪ್ಪನ ಮುಂದಿಟ್ಟು ಕೇಳಿದೆ:

"ನಗುವುದಾ ಅದು ಅಂತ ಮಾಮ ಕೇಳಿದ್ದರಲ್ಲ ಪಪ್ಪಾ, ನೀವ್ಯಾಕೆ ಆಗ ಅವರ ಮುಖ ನೋಡ್ಲಿಲ್ಲ?"